ಹೊಗೆಯಿಲ್ಲದ ಮನೆ

ಕೊಲ್ಹಾಪುರ,
೯ ಏಪ್ರಿಲ್ ೧೯೬೧

ಅಕ್ಕಾ,

ಕೂಸಿನ ಕೆಮ್ಮು ಹೇಗಿದೆ ಎಂದು ಕೇಳಿದ್ದೀ. ಹಾಗೇ ಇದೆ. ಹಗಲೆಲ್ಲ ರೋಜಾ ಆಡುತ್ತಾಳೆ, ಮನೆಯ ಒಡತಿ ಹೀರಾಬಾಯಿಯ ಕೋಳಿಗಳನ್ನು ನೋಡಿ ಕೈ ಬಡಿಯುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದಂತೆ ಶುರುವಾಗುತ್ತದೆ. ನಿನ್ನೆ ಡಾಕ್ಟರರ ಕಡೆ ಒಯ್ದಿದ್ದೆ. ಅವರು ಕೂಸಿನ ಎದೆಗೆ ನಳಿಗೆ ಇಡುವ ಮೊದಲೇ ನನ್ನ ಸೆರಗಿನ ವಾಸನೆ ಹಿಡಿದರು.

‘ಮನ್ಯಾಗ ಏನ ಸುಡ್ತೀರಿ ಬಾಯಿ?’

ಹೇಳಿದೆ.

‘ಹಂಗಾರ ರೋಗ ಕೊಡವ್ರು ನೀವು, ಔಷಧ ಕೊಡಾಂವ ನಾ. ಇಬ್ರೂ ಕೂಡೇ ಅಂಗಡಿ ಇಡೂಣಲ್ಲ!’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈ ಕೆಲಸದ ಬಗ್ಗೆ ನಿನಗೆ ನಾನು ಎಂದೂ ನೆಟ್ಟಗೆ ಬರೆದಿಲ್ಲ. ಬರೆದರೆ ನಿನ್ನ ಅಡಿಗೆಮನೆಗೆ ಮೈಲಿಗೆಯಾದೀತು ಎಂಬ ಅಂಜಿಕೆ. ಈಗ ಬರೆಯುತ್ತೇನೆ, ಓದಿ ಕೈ ತೊಳೆದುಕೋ. ಹಂದಿಯ ಮಾಂಸವನ್ನು ಸಣ್ಣಗೆ ಹೆಚ್ಚಿ, ಉಪ್ಪು ತಿಕ್ಕಿ, ಕಲ್ಲು ಹೇರಿ ಒಂದು ರಾತ್ರಿ ಇಡುತ್ತಾರೆ. ನೀರು ಬಸಿದ ಮೇಲೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಹುಳಿ ಹಾಕಿ ಕಲಸುತ್ತಾರೆ. ತೊಳೆದ ಕರುಳಿನಲ್ಲಿ ತುಂಬಿ, ಗೇಣಿಗೊಂದು ಗಂಟು ಹಾಕಿ, ಹೂವಿನ ಹಾರದ ಹಾಗೆ ಒಲೆಯ ಮೇಲೆ ತೂಗು ಹಾಕುತ್ತಾರೆ. ಹೊಗೆ ಕುಡಿದು ಅದು ಕಪ್ಪಗೆ ಒಣಗಬೇಕು. ಇದೇ ಚೊರೀಸ, ಗೋವಾದವರ ಸಾಸೇಜು. ನನ್ನ ಗಂಡ ಕಾಯತಾನ ತಾಯಿಯ ಕೈಯಿಂದ ಕಲಿತದ್ದು. ಪೋರ್ತುಗೀಜರ ವಿರುದ್ಧ ಕೂಗಿ, ಊರು ಬಿಟ್ಟು ಓಡಿಬಂದಾಗ ಅವರ ಕೈಯಲ್ಲಿ ಒಂದು ಕ್ಲಾರಿಯೊನೆಟ್ಟು, ತಲೆಯಲ್ಲಿ ಈ ವಿದ್ಯೆ, ಎರಡೇ ಇದ್ದವು. ಕಾಲೇಜಿನ ಗ್ಯಾದರಿಂಗಿಗೆ ಬ್ಯಾಂಡು ಬಾರಿಸಲು ಬಂದವರನ್ನು ನಾನು ಮದುವೆಯಾದೆ. ಮುಂದಿನದು ನಿನಗೆ ಗೊತ್ತು. ಅಪ್ಪ ಮನೆಯಲ್ಲಿ ನನ್ನ ಹೆಸರು ಎತ್ತಗೊಡುವುದಿಲ್ಲ.

ನಮ್ಮದು ಒಂದೇ ಖೋಲಿ. ಒಲೆಯೂ ಅಲ್ಲೇ, ತೊಟ್ಟಿಲೂ ಅಲ್ಲೇ. ಹಿತ್ತಲಲ್ಲಿ ಹೊಗೆಗೆಂದೇ ಒಂದು ಬೇರೆ ತಗಡಿನ ಗೂಡು ಕಟ್ಟಿಸಬೇಕು. ಹೀರಾಬಾಯಿ ಜಾಗ ಕೊಡುತ್ತೇನೆ ಅಂದಿದ್ದಾಳೆ. ವ್ಯಾಪಾರವೂ ಚೆನ್ನಾಗಿದೆ. ಸರಕಾರ ಗೋವಾದ ಹಾದಿ ಮುಚ್ಚಿರುವುದರಿಂದ ಅಲ್ಲಿಯ ಮಾಲು ಘಟ್ಟ ಹತ್ತುವುದಿಲ್ಲ. ಇಲ್ಲಿರುವ ಗೋವಾದವರಿಗೆಲ್ಲ ನಮ್ಮದೇ ಗತಿ. ಹೀಗೇ ನಡೆದರೆ ಒಂದೆರಡು ಮಳೆಗಾಲದೊಳಗೆ ಗೂಡು ಏಳುತ್ತದೆ. ಅಲ್ಲಿಯ ತನಕ ಕೂಸು ತಡೆದುಕೊಂಡರೆ ಸಾಕು.

ನಿನ್ನ ತಂಗಿ
ಬಾಳಕ್ಕ

*

ಇಚಲಕರಂಜಿ,
೨೦ ಏಪ್ರಿಲ್ ೧೯೬೧

ಪ್ರೀತಿಯ ಬಾಳಿಗೆ,

ನಿನ್ನ ಕಾಗದ ಓದಿ ಕೈ ತೊಳೆದುಕೊಳ್ಳಲಿಲ್ಲ. ಅಷ್ಟು ಮಡಿ ನನಗೆ ಬೇಡ.

ಕೂಸನ್ನು ಮಳೆಗಾಲಕ್ಕೆ ನನ್ನ ಕಡೆ ಬಿಡು. ಮಗ್ಗದ ಶೆಡ್ಡು ಮನೆಯಿಂದ ದೂರವಿದೆ, ಧೂಳು ಇಲ್ಲಿಗೆ ಬರುವುದಿಲ್ಲ. ಮನೆ ದೊಡ್ಡದು, ಗಾಳಿ ಆಡುತ್ತದೆ. ಇವರನ್ನು ಕೇಳಿದೆ. ‘ನಿನ್ನ ತಂಗೀ ಕೂಸು, ನನ್ನೇನ ಕೇಳ್ತಿ? ತೊಗೊಂಡ ಬಾ. ಈ ಮನ್ಯಾಗ ಮಗ್ಗದ ಸಪ್ಪಳ ಬಿಟ್ರ ಮತ್ತೇನ ಐತಿ?’ ಅಂದರು. ನಿನ್ನ ದುಂಡಪ್ಪ ಮಾವ ಇಷ್ಟು ಉದ್ದ ಮಾತಾಡಿದ್ದು ನನ್ನ ಹನ್ನೆರಡು ವರ್ಷದ ಸಂಸಾರದಲ್ಲಿ ಅಪರೂಪ. ತೊಟ್ಟಿಲು ಅಟ್ಟದ ಮೇಲಿದೆ. ನನ್ನ ಮದುವೆಯಲ್ಲಿ ಬಂದದ್ದು, ಬಣ್ಣ ಹೋಗಿಲ್ಲ.

ಯುಗಾದಿಗೆ ತವರಿಗೆ, ಮಹಾಗಾಂವಕ್ಕೆ ಹೋಗಿದ್ದೆ. ಅಪ್ಪ ಹೊಲಕ್ಕೆ ಹೋದ ಮೇಲೆ ಅವ್ವ ಹತ್ತಿರ ಬಂದು ಕೂತಳು. ನಿನ್ನ ಗಂಡ ಹೇಗೆ, ಮನೆ ಹೇಗೆ, ಏನೂ ಕೇಳಲಿಲ್ಲ. ‘ಅದನ್ನ ತಿಂತಾಳೇನ?’ ಎಂದಷ್ಟೇ ಕೇಳಿದಳು. ‘ಇಲ್ಲವಾ, ಬಾಯಾಗ ಹಾಕ್ಕೊಳ್ಳೂದಿಲ್ಲ, ನನಗ ಆಣಿ ಮಾಡ್ಯಾಳ’ ಅಂದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎಮ್ಮೆಗೆ ನೀರು ಕುಡಿಸಲು ಹೋದಳು.

ಯಾವಾಗ ಬರಲಿ?

ಚನ್ನವ್ವ

*

ಕೊಲ್ಹಾಪುರ,
೨೮ ಜುಲೈ ೧೯೬೧

ಅಕ್ಕಾ,

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ‘ಬಾ’ ಎಂದು ಬರೆಯಬೇಕೋ ‘ಬೇಡ’ ಎಂದು ಬರೆಯಬೇಕೋ ತಿಳಿಯಲಿಲ್ಲ. ಕೊನೆಗೆ ಮಳೆಯೇ ಅರ್ಧ ಮುಗಿಯಿತು. ಈ ಸಲ ಬೇಡ ಅಕ್ಕಾ. ಅವಳನ್ನು ಬಿಟ್ಟು ನಾನು ಮಲಗಬಲ್ಲೆನೇ? ಈಗಲೂ ಮಲಗುತ್ತಿಲ್ಲ, ಆ ಮಾತು ಬೇರೆ. ಒಲೆಗೆ ತೌಡು, ಕಬ್ಬಿನ ಸಿಪ್ಪೆ ಹಾಕಿದ ಕೂಡಲೆ ಅವಳನ್ನು ಎತ್ತಿಕೊಂಡು ಹೀರಾಬಾಯಿಯ ಪಡಸಾಲೆಗೆ ಹೋಗುತ್ತೇನೆ. ಅಲ್ಲಿ ಗೋಡೆಗೆ ಒರಗಿ ಅವಳ ಉಸಿರು ಎಣಿಸುತ್ತ ಕೂತರೆ ಕೋಳಿ ಕೂಗುತ್ತವೆ.

ವ್ಯಾಪಾರದ ಸುದ್ದಿ ಹೇಳುತ್ತೇನೆ. ನಾನು ಬಿ.ಎ. ಓದಿದ್ದು ಒಂದು ಕೆಲಸಕ್ಕೆ ಬಂತು. ಇವರು ಇಷ್ಟು ದಿನ ಚೊರೀಸವನ್ನು ತೂಕಕ್ಕೆ ಮಾರುತ್ತಿದ್ದರು. ತೂಕಕ್ಕೆ ಮಾರಿದರೆ ಒಣಗಿದಷ್ಟೂ ನಮಗೆ ನಷ್ಟ. ಹಸಿಯಾಗಿದ್ದಾಗಲೇ ಮಾರಿಬಿಡೋಣ ಎನಿಸುತ್ತದೆ, ಹಸಿಯದು ಬೇಗ ಕೆಡುತ್ತದೆ, ಕೆಟ್ಟರೆ ಗಿರಾಕಿ ಹೋಗುತ್ತಾನೆ. ‘ಗಂಟಿನ ಲೆಕ್ಕಕ್ಕೆ ಮಾರ್ರಿ. ಆವಾಗ ಚೆಂದಂಗ ಒಣಗಿಸಿದರ ಹೊಟ್ಟಿ ಉರಿಯೂದಿಲ್ಲ’ ಎಂದೆ. ಇವರು ‘ನಮ್ಮ ಆಯಿ ಸಾಲಿ ಕಲಿಯದ ಇದನ್ನ ಮಾಡ್ತಿದ್ಲು. ನಾ ಮರತಿದ್ನಿ ಬಾಯ್’ ಎಂದರು.

ಒಂಟಿ ಗಂಡಸರು ಉದ್ದ ಸರ ಕೊಳ್ಳುವುದಿಲ್ಲ. ಖೋಲಿಯಲ್ಲಿ ಒಂದು ಸ್ಟೋವು, ಒಂದು ತಾಟು ಅವರ ಸಂಸಾರ. ಅವರಿಗಾಗಿ ಗಿಡ್ಡ ಸರ ಕತ್ತರಿಸಿ ಖಾಕಿ ಕಾಗದದಲ್ಲಿ ಸುತ್ತುತ್ತೇವೆ. ಮಿರಜ, ಬೆಳಗಾವಿಗೆ ಎಸ್‌.ಟಿ. ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸುತ್ತೇವೆ. ತೆಂಗಿನ ಕಳ್ಳಿನ ಹುಳಿ ಈಗ ಸಿಗುವುದಿಲ್ಲವಾದ್ದರಿಂದ ಇಲ್ಲಿಯ ಬೆಲ್ಲದಿಂದಲೇ ಹುಳಿ ಇಡುತ್ತೇನೆ. ಹಾಗೆ ಮಾಡಿದ್ದಕ್ಕೆ ಖರ್ಚೂ ಇಳಿಯಿತು.

ಒಂದು ಮಾತ್ರ ಇವರು ನನಗೆ ಬಿಡುವುದಿಲ್ಲ. ಕರುಳಿಗೆ ತುಂಬುವ ಮೊದಲು ಒಂದು ಚಿಟಿಕೆ ಹುರಿದು ಬಾಯಿಗೆ ಹಾಕಿ ನೋಡಬೇಕು. ಪ್ರತಿಸಲ ಹುರಿದದ್ದನ್ನು ನನ್ನ ಮೂಗಿನ ಮುಂದೆ ಹಿಡಿದು, ‘ಹೇಳ್ರಿ ಮಾಲಕೀಣಬಾಯಿ, ಹೆಂಗ ಆಗೇತಿ?’ ಎಂದು ಕಾಡಿಸಿ ತಾವೇ ತಿನ್ನುತ್ತಾರೆ. ನಾನು ಹುಳಿ ಇಡುತ್ತೇನೆ, ಖಾರ ಕುಟ್ಟುತ್ತೇನೆ, ಸರ ಕಟ್ಟುತ್ತೇನೆ. ರುಚಿ ಏನೆಂದು ನನಗೆ ಗೊತ್ತಿಲ್ಲ. ಅವ್ವನಿಗೆ ಹೇಳು.

ಬಾಳಕ್ಕ

*

ಕೊಲ್ಹಾಪುರ,
೨೪ ಡಿಸೆಂಬರ್ ೧೯೬೧

ಅಕ್ಕಾ,

ಗೋವಾ ಬಿಡುಗಡೆಯಾದ ಸುದ್ದಿ ನಿನಗೂ ತಲುಪಿರಬೇಕು. ಇಲ್ಲಿ ಮೊನ್ನೆಯಿಂದ ಪಟಾಕಿ ನಿಂತಿಲ್ಲ. ಬ್ಯಾಂಡಿನವರೆಲ್ಲ ನಮ್ಮ ಓಣಿಯಲ್ಲೇ ನಿಂತು ಬಾರಿಸಿದರು. ಇವರು ಕ್ಲಾರಿಯೊನೆಟ್ಟು ತುಟಿಗೆ ಇಟ್ಟುಕೊಂಡರು, ಊದಲಾಗಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತರು. ಏಳು ವರ್ಷ ತಾಯಿಯ ಮುಖ ಕಂಡಿಲ್ಲ. ನಾನು ಪೇಢೆ ತರಿಸಿ ಓಣಿಗೆಲ್ಲ ಹಂಚಿದೆ. ಹೀರಾಬಾಯಿ ನನಗೇ ಆರತಿ ಎತ್ತಿದಳು, ನಾನೇ ಗೋವಾ ಗೆದ್ದು ಬಂದವಳ ಹಾಗೆ.

ತಾಸೆ ಬಾರಿಸುವ ಮುದುಕ ಪಾಸ್ಕೋಲ ಪೇಢೆ ತಿನ್ನುತ್ತ, ‘ಇನ್ನ ನಮ್ಮೂರ ಚೊರೀಸ ಬರ್ತಾವ, ಬಾಯ್!’ ಎಂದ. ಎಲ್ಲರೂ ಹೋ ಎಂದು ಕೂಗಿದರು. ನಾನೂ ನಕ್ಕೆ. ಪಾತ್ರೆ ತಿಕ್ಕುವಾಗ ಆ ಮಾತು ಮತ್ತೆ ಕಿವಿಗೆ ಬಂತು. ಆಗ ನಗು ಬರಲಿಲ್ಲ.

ಬಾಳಕ್ಕ

*

ಇಚಲಕರಂಜಿ,
೧೫ ಜನವರಿ ೧೯೬೨

ಬಾಳಿ,

ಸಂಕ್ರಾಂತಿಯ ಎಳ್ಳು ಕಳಿಸಿದ್ದೇನೆ. ಜೊತೆಗೆ ಕೂಸಿಗೆ ಒಂದು ಜಂಪರು, ನಮ್ಮ ಮಗ್ಗದ್ದೇ ಅರಿವೆ. ಅಳತೆ ಗೊತ್ತಿಲ್ಲದೆ ದೊಡ್ಡದು ಹೊಲಿದೆ. ಹೊಲಿಯುವುದು ಮುಗಿದ ಮೇಲೆ ಇನ್ನೊಂದು ಹೊಲಿದೆ. ಅದನ್ನು ಇಲ್ಲೇ ಇಟ್ಟುಕೊಂಡಿದ್ದೇನೆ.

ಈ ಮಳೆಗಾಲಕ್ಕಾದರೂ ಕಳಿಸುತ್ತೀಯಲ್ಲ?

ಚನ್ನವ್ವ

*

ಕೊಲ್ಹಾಪುರ,
೩ ಜೂನ್ ೧೯೬೨

ಅಕ್ಕಾ,

ಪಾಸ್ಕೋಲ ಹೇಳಿದಂತೆಯೇ ಆಯಿತು. ಆಂಬೋಲಿ ಘಟ್ಟ ಹತ್ತಿ ಟ್ರಕ್ಕುಗಳು ಬರುತ್ತಿವೆ. ಮೀನು, ಗೋಡಂಬಿ, ಅವುಗಳ ನಡುವೆ ಚೊರೀಸದ ಸರಗಳು. ನಮ್ಮ ಸರಗಳು ತೊಲೆಗೆ ಹಾಗೇ ತೂಗುತ್ತಿವೆ. ಬೆಲೆ ಇಳಿಸಿದೆವು. ಬೆಲೆಯ ಮಾತಲ್ಲ ಅದು. ಗ್ಯಾರೇಜಿನ ಫಿಟ್ಟರನೊಬ್ಬ, ಭಾಳ ಹಳೆಯ ಗಿರಾಕಿ, ದಾರಿಯಲ್ಲಿ ಸಿಕ್ಕು ತಾನಾಗಿಯೇ ನಿಂತ. ‘ನಿಮ್ಮದ ಛಲೋನ ಇರತೈತ್ರಿ ಬಾಯಿ. ಆದ್ರ ಗೋವಾದ್ದರಾಗ ತೆಂಗಿನ ಹುಳಿ ಐತಿ. ತಿಂದ್ರ ನಮ್ಮವ್ವನ ಅಡಗಿಮನಿ ನೆನಪಾಗ್ತೈತಿ’ ಎಂದ. ನನ್ನ ಬೆಲ್ಲದ ಹುಳಿ ಆರು ಕಾಸು ಅಗ್ಗವಿದ್ದರೇನು, ಅದಕ್ಕೆ ಏನು ಮಾಡಲಾದೀತು?

ಈಗ ಒಂದೇ ದಾರಿ ಉಳಿದಿದೆ. ಜೂನ್ ಕೊನೆಗೆ ಸಂತ ಜುವಾಂವನ ಹಬ್ಬ. ಬ್ಯಾಂಡಿನವರ ಕ್ಲಬ್ಬು ಹಬ್ಬದೂಟಕ್ಕೆ ನಮಗೇ ಆರ್ಡರ್ ಕೊಟ್ಟಿದೆ. ಘಟ್ಟದಲ್ಲಿ ಮಳೆ ಹಿಡಿದು ಟ್ರಕ್ಕು ತಪ್ಪಿದರೆ ಊಟ ಕೆಟ್ಟೀತು ಎಂದು ಅವರಿಗೆ ಭಯ. ನಾನು ಅದನ್ನೇ ಹಿಡಿದು ಮಾತಾಡಿದೆ: ‘ಟ್ರಕ್ಕಿನ ಹಾದಿ ನೋಡಬ್ಯಾಡ್ರಿ. ನಾವು ಇದ್ದಲ್ಲೇ ಇರ್ತೇವಿ. ತಿಂಗಳಾ ತಪ್ಪದ ಕೊಡ್ತೇವಿ.’ ಈ ಸಲದ್ದು ಮೆಚ್ಚಿಗೆಯಾದರೆ ಕ್ಲಬ್ಬಿನ ಮೆಸ್ಸಿಗೆ ವರ್ಷವಿಡೀ ನಮ್ಮದೇ. ಗೂಡಿನ ತಗಡು ನೋಡಿ ಇಟ್ಟಿದ್ದೇನೆ.

ಆದರೆ ಇವರು ಇಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾರೆ ಎಂದು ತಂತಿ ಬಂತು, ಮೊನ್ನೆ ಇವರು ಗೋವಾಕ್ಕೆ ಹೊರಟರು. ಹೋಗುವಾಗ, ‘ನಿನಗ ಆಗ್ತೈತೇನ? ಇಲ್ಲಂದ್ರ ಬಿಡು’ ಎಂದರು. ನಾನು ಬಿಡಲಾರೆ. ಬಿಟ್ಟರೆ ಗೂಡು ಏಳುವುದಿಲ್ಲ, ಕೂಸನ್ನು ನಿನ್ನ ಕಡೆ ಕಳಿಸಬೇಕಾಗುತ್ತದೆ. ನಿನಗೆ ನೋವಾಗಲಿ ಎಂದು ಬರೆಯುತ್ತಿಲ್ಲ, ಅಕ್ಕಾ. ಆದರೆ ನನಗೆ ಇರುವುದು ಅವಳೊಬ್ಬಳೇ.

ಬಾಳಕ್ಕ

*

ಕೊಲ್ಹಾಪುರ,
೪ ಜುಲೈ ೧೯೬೨

ಅಕ್ಕಾ,

ನೀನು ಆಸ್ಪತ್ರೆಗೆ ಬಂದಾಗ ನಾನು ಏನೂ ಹೇಳಲಿಲ್ಲ. ನೀನೂ ಕೇಳಲಿಲ್ಲ. ರೋಜಾಳನ್ನು ನೀನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡೆ, ಮಾವ ಛತ್ರಿ ಹಿಡಿದರು, ಟಾಂಗಾ ಹೊರಟಿತು. ಅವಳು ನನ್ನ ಕಡೆ ಕೈ ಚಾಚಿದಳೋ ಇಲ್ಲವೋ, ಮಳೆಯಲ್ಲಿ ಕಾಣಲಿಲ್ಲ. ಕಾಣದ್ದೇ ಒಳಿತಾಯಿತು. ಈಗ ಹೇಳುತ್ತೇನೆ.

ಆರ್ಡರಿನ ಮಾಂಸ ಬಂದ ಸಂಜೆ ಅವಳಿಗೆ ಜ್ವರವಿತ್ತು. ಮಾಂಸವನ್ನು ಸಣ್ಣಗೆ ಹೆಚ್ಚಿಟ್ಟೆ. ಪರಾತದಲ್ಲಿ ಹಾಕಿ ಉಪ್ಪು ತಿಕ್ಕಬೇಕೆನ್ನುವಾಗ ಅವಳು ಕೆಮ್ಮಿ ಕೆಮ್ಮಿ ನೀಲಿಯಾದಳು. ಓಡಿಹೋಗಿ ಎತ್ತಿಕೊಂಡೆ. ಅವಳು ಮಲಗಿದ ಮೇಲೆ ಬಂದು ಪರಾತದ ಮೇಲೆ ಕಲ್ಲು ಹೇರಿದೆ. ಉಪ್ಪು ಹಾಕಿದ್ದೇನೆ ಎಂದು ನನ್ನ ಕೈಗೆ ನೆನಪಿತ್ತು ಅಕ್ಕಾ. ಕೈಗೆ ಪೂರ್ತಿ ನೆನಪಿತ್ತು.

ಮರುದಿನ ಖಾರ, ಹುಳಿ ಕಲಸಿದೆ. ಒಂದು ಚಿಟಿಕೆ ಹುರಿದೆ. ಬೆರಳ ತುದಿಯಲ್ಲಿ ಹಿಡಿದು ಬಾಯಿಯ ತನಕ ತಂದೆ. ನಾಲಿಗೆಗೆ ಇಟ್ಟಿದ್ದರೆ ಸಪ್ಪೆ ಎಂದು ಗೊತ್ತಾಗುತ್ತಿತ್ತು, ಹಾಲು ಕುಡಿಯುವ ಕೂಸಿಗೂ ಗೊತ್ತಾಗುತ್ತಿತ್ತು. ಬಾಯಿ ತೆರೆಯಲಿಲ್ಲ. ಅವ್ವ ಎಮ್ಮೆಯ ಹಗ್ಗ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ ಎನಿಸಿತು. ಬಟ್ಟಲನ್ನು ಹೀರಾಬಾಯಿಯ ಕಡೆ ಒಯ್ದೆ. ‘ನೀವು ಮಟನ್ ತಿನ್ನವ್ರು, ಒಂದ್ ಚೂರ ನೋಡಿ ಹೇಳ್ರಿ’ ಎಂದೆ. ಅವಳು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು, ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದಳು. ‘ಛಾನ ಝಾಲಂಯ ಗ ಪೋರೀ! ಛಲೋ ಆಗೇತಿ, ಅಗದೀ ಕಾಯತಾನ ಮಾಡಿದಂಗ!’ ಎಂದಳು.

ತುಂಬಿದೆ, ಕಟ್ಟಿದೆ, ತೂಗು ಹಾಕಿದೆ. ಮೂರನೆಯ ದಿನ ವಾಸನೆ ಬೇರೆಯಾಯಿತು. ಮಳೆಯ ಹಸಿ ಹಿಡಿದಿದೆ, ಹೊಗೆ ಸಾಲದು ಎಂದುಕೊಂಡೆ. ಬಾಗಿಲು ಹಾಕಿ ಎರಡರಷ್ಟು ಹೊಗೆ ಹಾಕಿದೆ. ಹೊರಗೆ ಗಾಳಿಮಳೆ, ಹೀರಾಬಾಯಿಯ ಪಡಸಾಲೆಯೂ ಸೋರುತ್ತಿತ್ತು. ಕೂಸನ್ನು ಒಳಗೇ ಮೂಲೆಯಲ್ಲಿ, ಒದ್ದೆ ಅರಿವೆಯ ಮರೆ ಕಟ್ಟಿ ಮಲಗಿಸಿದೆ. ಒಂದು ದಿನ, ಒಂದೇ ದಿನ, ಹಬ್ಬ ಮುಗಿದರೆ ಆಯಿತು ಎಂದು.

ಹಬ್ಬದೂಟ ಮಾಡಿದವರೆಲ್ಲ ವಾಂತಿ ಮಾಡಿಕೊಂಡರು. ಪಾಸ್ಕೋಲ ಮುದುಕ ಸಾಯುವುದೊಂದು ಬಾಕಿ. ಅವನ ಖಾಟಿನಿಂದ ನಾಲ್ಕು ಖಾಟು ಆಚೆ ರೋಜಾ ಇದ್ದಳು, ಹೊಗೆಗೆ ಉಸಿರು ಕಟ್ಟಿ, ಮೂಗಿಗೆ ರಬ್ಬರಿನ ನಳಿಗೆ. ಡಾಕ್ಟರರು ಈ ಸಲ ಚೇಷ್ಟೆ ಮಾಡಲಿಲ್ಲ. ‘ಈ ಕೂಸ ಮತ್ತ ಆ ಖೋಲಿಗೆ ಹೋದರ ಉಳಿಯೂದಿಲ್ಲ’ ಎಂದರು. ಅದಕ್ಕೇ ನಿನಗೆ ತಂತಿ ಕೊಟ್ಟೆ.

ಮನೆಗೆ ಬಂದು ಉಪ್ಪಿನ ಡಬ್ಬಿ ತೆರೆದೆ. ಬಾಯಿತನಕ ತುಂಬಿತ್ತು. ಅಂದಿನ ಅದೇ ಬಟ್ಟಲು ಹಿಡಿದು ಹೀರಾಬಾಯಿಯ ಮುಂದೆ ನಿಂತೆ. ಅವಳು ಹಣೆ ಬಡಿದುಕೊಂಡು ಅತ್ತಳು. ‘ನಾ ಹಂದಿ ತಿನ್ನೂದಿಲ್ಲವಾ! ನಮ್ಮಾಗ ನಡಿಯೂದಿಲ್ಲ. ನೀ ಜೀವಾ ಸಣ್ಣ ಮಾಡ್ಕೊಂಡ ಬಂದಿದ್ದಿ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಕೋಳಿಗಿ ಹಾಕಿದ್ನಿ.’

ಅವಳ ಮೇಲೆ ಸಿಟ್ಟು ಬರುತ್ತಿಲ್ಲ. ಅವಳದೂ ಅದೇ ಬಾಯಿ, ನನ್ನದೂ ಅದೇ.

ಬ್ಯಾಂಡಿನವರು ಪೋಲೀಸರ ಕಡೆ ಹೋಗಲಿಲ್ಲ. ಕಾಯತಾನನ ಮುಖ ನೋಡಿ ಬಿಟ್ಟರು. ನಮ್ಮ ಓಣಿಯಲ್ಲಿ ಹಾಯುವುದನ್ನಷ್ಟೇ ಬಿಟ್ಟರು.

ರೋಜಾ ನಿದ್ದೆ ಮಾಡುತ್ತಾಳೆಯೇ?

ಬಾಳಕ್ಕ

*

ಇಚಲಕರಂಜಿ,
೧೦ ಸೆಪ್ಟೆಂಬರ್ ೧೯೬೨

ಬಾಳಿ,

ಕೆಮ್ಮು ನಿಂತಿದೆ. ಮೊದಲ ವಾರ ಅತ್ತಳು, ಆಮೇಲೆ ಇವರ ಹೆಗಲೇರಿದಳು. ಈಗ ಇವರು ಶೆಡ್ಡಿನಿಂದ ಬಂದ ಕೂಡಲೆ ಕೈಕಾಲು ತೊಳೆದು ಅರಿವೆ ಬದಲಿಸಿ ಒಳಗೆ ಬರುತ್ತಾರೆ, ನೂಲಿನ ಧೂಳು ಅವಳಿಗೆ ತಾಗಬಾರದೆಂದು. ನನಗಾಗಿ ಎಂದೂ ಬದಲಿಸಿದವರಲ್ಲ!

ಓಣಿಯ ಹೆಣ್ಣುಮಕ್ಕಳು ಗೌರಿ ಎಂದು ಕರೆಯುತ್ತಾರೆ. ಗೌರಿ ಹಬ್ಬದ ದಿನ ಹಸಿರು ಸೀರೆ ಉಡಿಸಿದ್ದೆ, ಅಂದಿನಿಂದ ಅದೇ ಹೆಸರು ನಿಂತುಬಿಟ್ಟಿದೆ. ನಾನು ಬೇಡವೆನ್ನಲಿಲ್ಲ. ನಿನಗೆ ಬೇಡವಾದರೆ ಬರೆ.

ಅವ್ವ ಬಂದು ಹೋದಳು. ದಿನವಿಡೀ ಅವಳನ್ನು ತೊಡೆಯಿಂದ ಇಳಿಸಲಿಲ್ಲ. ಹೋಗುವಾಗ, ‘ಮೂಗ ಬಾಳೀದ’ ಎಂದಳು.

ಚನ್ನವ್ವ

*

ಗಡಹಿಂಗ್ಲಜ,
೨೬ ಜನವರಿ ೧೯೬೪

ಅಕ್ಕಾ,

ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ನೌಕರಿ ಕಾಯಮ್ ಆಯಿತು. ಕೊಲ್ಹಾಪುರದ ಖೋಲಿ ಬಿಟ್ಟ ಮೇಲೆ ಎರಡು ಬಾಡಿಗೆ ಮನೆ ಬದಲಿಸಿದ್ದೆ, ಈಗಿನದು ಒಳ್ಳೆಯದಿದೆ. ಎರಡು ಕೋಣೆ, ಪೂರ್ವಕ್ಕೆ ಕಿಟಕಿ. ಅಡಿಗೆಗೆ ಸ್ಟೋವು ತಂದಿದ್ದೇನೆ, ಒಲೆ ಹಚ್ಚುವುದೇ ಇಲ್ಲ. ಇವರು ಗೋವಾದಲ್ಲಿ ಅದಿರಿನ ದೋಣಿಯ ಮೇಲೆ ಕೆಲಸ ಹಿಡಿದಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಚೊರೀಸದ ಮಾತು ನಾವಿಬ್ಬರೂ ಎತ್ತುವುದಿಲ್ಲ.

ಮನೆಯಲ್ಲಿ ಈಗ ಹೊಗೆ ಇಲ್ಲ.

ಬರುವ ರವಿವಾರ ಬರಲೇ?

ಬಾಳಕ್ಕ

*

ಇಚಲಕರಂಜಿ,
೩೦ ಜನವರಿ ೧೯೬೪

ಸೌ. ಬಾಳಕ್ಕನಿಗೆ,

ನಿನ್ನ ಅಕ್ಕನಿಗೆ ಬರೆಯಲು ಆಗುತ್ತಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿದಂದಿನಿಂದ ಅವಳದು ಒಂದೇ ಕೆಲಸ. ಕೂಸಿನ ಅರಿವೆಗಳನ್ನು ಒಗೆಯುತ್ತಾಳೆ, ಒಣಗಿದ ಮೇಲೆ ಮತ್ತೆ ಒಗೆಯುತ್ತಾಳೆ. ಕೂಸು ನಿನ್ನದು. ನಾವು ಇಲ್ಲ ಎನ್ನುವುದಿಲ್ಲ. ರವಿವಾರ ಬಾ.

ದುಂಡಪ್ಪ

*

ಗಡಹಿಂಗ್ಲಜ,
೩ ಫೆಬ್ರವರಿ ೧೯೬೪

ಅಕ್ಕಾ,

ನಿನ್ನೆ ನಿನ್ನ ಮನೆಯಲ್ಲಿ ನಾವು ಹವಾಮಾನ ಮಾತಾಡಿದೆವು, ಅಪ್ಪನ ಮಂಡಿನೋವು ಮಾತಾಡಿದೆವು, ಹುರಿಗಡಲೆ ತುಟ್ಟಿಯಾದದ್ದು ಮಾತಾಡಿದೆವು. ನಾನು ಯಾಕೆ ಬಂದಿದ್ದೆ ಎಂದು ನಿನಗೆ ಗೊತ್ತಿತ್ತು. ನಿನಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು.

ಊಟವಾದ ಮೇಲೆ ಅವಳು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿದಳು. ನೀನು ಬೇಕೆಂದೇ ಹಿತ್ತಲಿಗೆ ಹೋದೆ. ನಾನು ಅವಳ ಎದೆಗೆ ಕಿವಿ ಇಟ್ಟು ಕೂತೆ. ಪೀಪಿಯಿಲ್ಲ, ಏನಿಲ್ಲ. ಉಸಿರು ಹೋಗುತ್ತಿತ್ತು, ಬರುತ್ತಿತ್ತು, ಅದಕ್ಕೆ ಯಾರ ಕಾವಲೂ ಬೇಕಿರಲಿಲ್ಲ. ಎಷ್ಟು ದಿನದ ನಿದ್ದೆಯೋ, ನಾನೂ ಅಲ್ಲೇ ಕಣ್ಣು ಮುಚ್ಚಿದೆ.

ಎದ್ದಾಗ ಅವಳು ಇರಲಿಲ್ಲ. ಹೊಸ್ತಿಲಾಚೆ ಕೂತು, ನನ್ನ ಚಪ್ಪಲಿಗಳನ್ನು ಜೋಡಿಸುತ್ತಿದ್ದಳು. ಮನೆಗೆ ಬಂದ ಪಾಹುಣೇರಿಗೆ ಮಾಡಲು ನೀನು ಕಲಿಸಿದ್ದೀ, ಒಳ್ಳೆಯದನ್ನೇ ಕಲಿಸಿದ್ದೀ. ಎರಡನ್ನೂ ಸರಿಮಾಡಿ, ಮೂತಿ ಬೀದಿಯ ಕಡೆ ತಿರುಗಿಸಿ ಇಟ್ಟು, ನನ್ನ ಕಡೆ ನೋಡಿ ನಕ್ಕಳು. ‘ಮತ್ತ ಬರ್ರಿ ಮೌಶಿ’ ಎಂದಳು, ಚಿಕ್ಕಮ್ಮನನ್ನು ಕರೆದ ಹಾಗೆ.

ಸೆರಗು ಹೊದ್ದು ಏಳುವಾಗ ಬಾಗಿಲ ಹಿಂದೆ ನೋಡಿದೆ. ಅವಳ ಜಂಪರು, ಹಸಿರು ಸೀರೆ, ಹಾಲಿನ ಬಟ್ಟಲು, ಎಲ್ಲವನ್ನೂ ನೀನು ಗಂಟು ಕಟ್ಟಿ ಇಟ್ಟಿದ್ದೆ. ನೀನು ಕೊಡುವವಳಿದ್ದೆ. ನಾನು ಕೈ ಚಾಚಿದ್ದರೆ, ಒಂದು ಮಾತಿಲ್ಲದೆ ಎತ್ತಿಕೊಡುತ್ತಿದ್ದೆ. ಹಿತ್ತಲಿನಲ್ಲಿ ಒಣಗಿದ ಅರಿವೆಯನ್ನು ಹಿಂಡುತ್ತ ನಿಂತಿದ್ದೆಯಲ್ಲ, ಕಿಟಕಿಯಿಂದ ಕಂಡೆ.

ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ನೀನು ‘ಹೊಂಟೇನ?’ ಎಂದೆ, ನಾನು ‘ಹೂಂ’ ಎಂದೆ. ಇಬ್ಬರೂ ಅಷ್ಟೇ.

ಇವರಿಗೆ ಏನು ಹೇಳಲಿ ಎಂದು ಇನ್ನೂ ಯೋಚಿಸಿಲ್ಲ. ಬಂದಾಗ ಹೇಳುತ್ತೇನೆ. ನಿನಗೆ ಮಾತ್ರ ಇಂದೇ ಹೇಳಬೇಕು, ಅದಕ್ಕೆ ಶಾಲೆಯ ಬಿಡುವಿನಲ್ಲೇ ಬರೆದು ಟಪಾಲಿಗೆ ಹಾಕುತ್ತಿದ್ದೇನೆ.

ಆ ಗಂಟು ಬಿಚ್ಚು ಅಕ್ಕಾ. ಅರಿವೆ ಕಟ್ಟಿಟ್ಟರೆ ಮುಗ್ಗುತ್ತವೆ.

ನಿನ್ನ
ಬಾಳಿ